ಮೂರು ಡಾಲರಿನಿಂದ ಹದಿನೆಂಟು ಸಾವಿರದವರೆಗೆ

ನ್ಯೂಯಾರ್ಕ್ ರಾಜ್ಯದ ದಂಡಸಂಹಿತೆಯ 400ನೇ ಕಲಮು ಪಿಸ್ತೂಲು, ರಿವಾಲ್ವರುಗಳ ಲೈಸೆನ್ಸಿಗೆ ಸಂಬಂಧಿಸಿದ್ದು. ಅದರ 14ನೇ ಉಪಕಲಮು ಶುಲ್ಕದ್ದು. ಲೈಸೆನ್ಸೊಂದಕ್ಕೆ ಮೂರು ಡಾಲರಿಗಿಂತ ಕಡಿಮೆ ಪಡೆಯಬಾರದು, ಹತ್ತು ಡಾಲರಿಗಿಂತ ಹೆಚ್ಚು ಪಡೆಯಬಾರದು ಎನ್ನುತ್ತದೆ. ಅಲ್ಲೇ ಇನ್ನೊಂದು ಮಾತನ್ನೂ ಸೇರಿಸುತ್ತದೆ: ನ್ಯೂಯಾರ್ಕ್ ನಗರವೂ ಅದರ ಮಗ್ಗುಲಿನ ನಸಾವ್ ಕೌಂಟಿಯೂ ತಮ್ಮ ಶುಲ್ಕವನ್ನು ತಾವೇ ಗೊತ್ತುಮಾಡಿಕೊಳ್ಳಬಹುದು. ನಗರ ಗೊತ್ತುಮಾಡಿಕೊಂಡಿತು. 2004ರಿಂದ ಅಲ್ಲಿನ ಶುಲ್ಕ 340 ಡಾಲರ್, ಅದೂ ಮೂರೇ ವರ್ಷಕ್ಕೆ. ನಸಾವ್ 200 ಡಾಲರ್ ಎಂದಿತು.

ನಗರದ ಉತ್ತರದ ಅಂಚಿನಲ್ಲಿ ಬ್ರಾಂಕ್ಸ್ ಇದೆ. ಅಲ್ಲಿಂದ ರಸ್ತೆ ದಾಟಿದರೆ ಯೋಂಕರ್ಸ್, ವೆಸ್ಟ್‌ಚೆಸ್ಟರ್ ಕೌಂಟಿಗೆ ಸೇರಿದ ಊರು. ಒಂದೇ ರಾಜ್ಯ, ಒಂದೇ ಕಾನೂನು, ಒಂದೇ ಕಲಮು. ರಸ್ತೆಯ ಆಚೆ ಬದಿಯಲ್ಲಿ ಹತ್ತು ಡಾಲರ್, ಈಚೆ ಬದಿಯಲ್ಲಿ 340. ಬೆರಳಚ್ಚಿನ ಖರ್ಚು ಇದರಲ್ಲಿ ಸೇರಿಲ್ಲ. ನಗರದಲ್ಲಿ ಅದಕ್ಕೆ ಮತ್ತೆ 88 ಡಾಲರ್ 25 ಸೆಂಟು. ಡಾಲರಿಗೆ 88 ರೂಪಾಯಿ ಹಿಡಿದರೆ ಎರಡೂ ಸೇರಿ ಮೂವತ್ತೇಳು ಸಾವಿರ ರೂಪಾಯಿ ದಾಟಿತು. ಪಿಸ್ತೂಲು ಇನ್ನೂ ಕೊಂಡಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗಿಳಿಯಬೇಕಾದರೆ 16 ಗಂಟೆ ಪಾಠ, ಎರಡು ಗಂಟೆ ಗುಂಡು ಹಾರಿಸುವ ತರಬೇತಿ ಬೇರೆ ಆಗಬೇಕು. ಅದು 2022ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ನಿಯಮ. ತರಬೇತಿದಾರರು ಅದಕ್ಕೆ ಕೆಲವು ನೂರು ಡಾಲರ್ ತೆಗೆದುಕೊಳ್ಳುತ್ತಾರೆ. 2025ರಲ್ಲಿ ಗಂಟೆಗೆ 16.50 ಡಾಲರಿನ ಕನಿಷ್ಠ ಕೂಲಿಗೆ ದುಡಿದವನಿಗೆ ಬರೀ ಅರ್ಜಿ ಮತ್ತು ಬೆರಳಚ್ಚಿಗೇ ಮೂರು ದಿನಕ್ಕೂ ಮೀರಿದ ದುಡಿಮೆ ಹೋಯಿತು.

ಈ 340 ಡಾಲರನ್ನು ಪ್ರಶ್ನಿಸಿ ಕೆಲವರು ನ್ಯಾಯಾಲಯಕ್ಕೆ ಹೋದರು. ಮನೆಯಲ್ಲಿ ಇಟ್ಟುಕೊಳ್ಳುವ ಪಿಸ್ತೂಲಿನ ಲೈಸೆನ್ಸ್ ಕುರಿತ ದಾವೆ ಅದು. ಒಯ್ಯುವ ಲೈಸೆನ್ಸಿಗೂ ಶುಲ್ಕ ಅಷ್ಟೇ. 2013ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ನಗರದ ಪರವಾಗಿ ತೀರ್ಪು ಕೊಟ್ಟಿತು. ಕಾರಣ ಕೇಳಿದರೆ ಬೆಚ್ಚಿಬೀಳಬೇಕು. ನಗರ ತನ್ನ ಲೆಕ್ಕದ ಪುಸ್ತಕ ತೆರೆದು ತೋರಿಸಿತ್ತು: 2010ರಲ್ಲಿ ಒಂದು ಹೊಸ ಅರ್ಜಿಯನ್ನು ವಿಲೇವಾರಿ ಮಾಡಲು ತಗುಲಿದ ಖರ್ಚು 977 ಡಾಲರ್ 16 ಸೆಂಟು. ನವೀಕರಣಕ್ಕೆ 346 ಡಾಲರ್ 92 ಸೆಂಟು. ಅಂದರೆ ನಗರದ ಪ್ರಕಾರ ಅದು ಸುಲಿಗೆಯಲ್ಲ, ಪ್ರತಿ ಹೊಸ ಅರ್ಜಿಗೂ 637 ಡಾಲರಿನ ಸಹಾಯಧನ! ಪೊಲೀಸ್ ದಾಖಲೆಗಳ ಪರಿಶೀಲನೆ, ಸಂದರ್ಶನ, ಮೇಲಧಿಕಾರಿಯ ರುಜು. ಇಷ್ಟಕ್ಕೆ ಸಾವಿರ ಡಾಲರ್ ಖರ್ಚಾಗುತ್ತದೆ ಎಂದು ನಂಬುವುದಾದರೆ ಹತ್ತು ಡಾಲರಿಗೆ ಅದೇ ಕೆಲಸ ಮಾಡುವ ವೆಸ್ಟ್‌ಚೆಸ್ಟರ್ ಧರ್ಮಛತ್ರ ನಡೆಸುತ್ತಿದೆ ಎಂದಾಯಿತು. ಎರಡೂ ಅಂಕಿಗಳ ಹಿಂದೆ ಖರ್ಚಿನ ಲೆಕ್ಕಕ್ಕಿಂತ ಹೆಚ್ಚಾಗಿ ಆಯಾ ಊರಿನ ಮನಸ್ಸು ಇದೆ ಎಂದೇ ನನ್ನ ಅನಿಸಿಕೆ. ಬಂದೂಕು ಬೇಡವೆನ್ನುವ ಊರು ಶುಲ್ಕದ ಬಾಯಿಂದ ಹಾಗೆ ಹೇಳುತ್ತದೆ, ಬೇಕೆನ್ನುವ ಊರೂ ಶುಲ್ಕದ ಬಾಯಿಂದಲೇ ಮಾತಾಡುತ್ತದೆ.

ಆ ಮಾತು ದೇಶದ ಉದ್ದಗಲಕ್ಕೂ ಕೇಳುತ್ತದೆ. ಫಿಲಡೆಲ್ಫಿಯಾ ನಗರ ಡೆಲವೇರ್ ನದಿಯ ದಡದಲ್ಲಿದೆ. ಅದು ಪೆನ್ಸಿಲ್ವೇನಿಯಾ. ಅಲ್ಲಿ ಪಿಸ್ತೂಲು ಒಯ್ಯುವ ಲೈಸೆನ್ಸಿಗೆ ಐದು ವರ್ಷಕ್ಕೆ 20 ಡಾಲರ್. ಸೇತುವೆ ದಾಟಿದರೆ ಕ್ಯಾಮ್ಡೆನ್, ನ್ಯೂಜೆರ್ಸಿ. ಅಲ್ಲಿ ಎರಡು ವರ್ಷಕ್ಕೆ 200 ಡಾಲರ್. ವರ್ಷಕ್ಕೆ ಹಂಚಿದರೆ ಈ ದಡದಲ್ಲಿ ನಾಲ್ಕು ಡಾಲರ್, ಆ ದಡದಲ್ಲಿ ನೂರು. ಇಲಿನಾಯ್ಸಿನಲ್ಲಿ ಐದು ವರ್ಷಕ್ಕೆ 150, ಹೊರರಾಜ್ಯದವರಿಗೆ ಅದರ ದುಪ್ಪಟ್ಟು. ಮೇರಿಲ್ಯಾಂಡ್ 2023ರಲ್ಲಿ 75 ಇದ್ದದ್ದನ್ನು 125 ಮಾಡಿತು. ಟೆಕ್ಸಸ್ 2017ರಲ್ಲಿ 140 ಇದ್ದದ್ದನ್ನು 40ಕ್ಕೆ ಇಳಿಸಿತು. ಇಂಡಿಯಾನಾ ಸೊನ್ನೆಗೆ ಬಂದು ನಿಂತಿದೆ.

ಇಷ್ಟೆಲ್ಲ ಕಾನೂನಿನ ದರ. ಪೇಟೆಯ ದರ ಬೇರೆಯೇ ಇತ್ತು.

2016ರ ಏಪ್ರಿಲ್‌ನಲ್ಲಿ ಬ್ರೂಕ್ಲಿನ್‌ನ ಒಬ್ಬ ಮಧ್ಯವರ್ತಿಯನ್ನು ಫೆಡರಲ್ ಅಧಿಕಾರಿಗಳು ಬಂಧಿಸಿದರು. ನಗರದ ಪೊಲೀಸ್ ಲೈಸೆನ್ಸ್ ವಿಭಾಗದಲ್ಲಿ ಅವನಿಗೆ ಬೇಕಾದವರಿದ್ದರು. ತಾನು ಸುಮಾರು 150 ಲೈಸೆನ್ಸ್ ಮಾಡಿಸಿಕೊಟ್ಟಿದ್ದೇನೆ, ಒಂದಕ್ಕೆ 18 ಸಾವಿರ ಡಾಲರ್ ತೆಗೆದುಕೊಳ್ಳುತ್ತೇನೆ, ನಿನಗೆ ಒಂದಕ್ಕೆ ಆರು ಸಾವಿರ ಕೊಡುತ್ತೇನೆ ಎಂದು ಒಬ್ಬ ಪೊಲೀಸ್ ಅಧಿಕಾರಿಯ ಮುಂದೆ ಬಾಯಿಬಿಟ್ಟಿದ್ದ. 150ನ್ನು ಆರು ಸಾವಿರದಿಂದ ಗುಣಿಸಿ ಒಂಬತ್ತು ಲಕ್ಷ ಡಾಲರಿನ ಲೆಕ್ಕವನ್ನೂ ಒಪ್ಪಿಸಿದ್ದ. ಆ ಅಧಿಕಾರಿ ಅದನ್ನು ಗುಟ್ಟಾಗಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಮಧ್ಯವರ್ತಿ ತಪ್ಪೊಪ್ಪಿಕೊಂಡು 2017ರಲ್ಲಿ 32 ತಿಂಗಳು ಜೈಲು ಶಿಕ್ಷೆ ಪಡೆದ. 340 ಡಾಲರಿನ ಸರಕಿಗೆ ಐವತ್ತಮೂರು ಪಟ್ಟು ಬೆಲೆ. ಇಷ್ಟು ಬೆಲೆ ಏಕೆ ಬಂತೆಂದರೆ, ಆಗ ನ್ಯೂಯಾರ್ಕಿನಲ್ಲಿ ಶುಲ್ಕ ಕಟ್ಟಿದ ಮಾತ್ರಕ್ಕೆ ಒಯ್ಯುವ ಲೈಸೆನ್ಸ್ ಸಿಗುತ್ತಿರಲಿಲ್ಲ. 1911ರ ಸಲಿವನ್ ಕಾನೂನಿನಿಂದ ಬೆಳೆದುಬಂದ ಪದ್ಧತಿಯಂತೆ, ನನಗೆ ಬೇರೆಯವರಿಗಿಲ್ಲದ ಅಪಾಯವಿದೆ ಎಂದು ಅರ್ಜಿದಾರ ಸಾಬೀತು ಮಾಡಬೇಕಿತ್ತು. ಅದನ್ನು ನಂಬುವುದೂ ಬಿಡುವುದೂ ಅಧಿಕಾರಿಯ ಮರ್ಜಿ. ಮರ್ಜಿ ಇದ್ದಲ್ಲಿ ಮಧ್ಯವರ್ತಿಯೂ ಇರುತ್ತಾನೆ. ನಮ್ಮ ತಾಲ್ಲೂಕು ಕಚೇರಿಗಳ ಮೆಟ್ಟಿಲು ಹತ್ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ದೇಶದ ಇನ್ನೊಂದು ತುದಿಗೆ, ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಗೆ ಬನ್ನಿ. ಸನ್ನಿವೇಲ್, ಕ್ಯುಪರ್ಟಿನೋ, ಸ್ಯಾನ್ ಹೋಸೆಗಳಿರುವ ಸಿಲಿಕಾನ್ ಕಣಿವೆ. ಕನ್ನಡ ಮಾತಾಡುವ ಸಾವಿರಾರು ಮನೆಗಳಿರುವ ಜಾಗ. ಅಲ್ಲಿ ಪಿಸ್ತೂಲು ಒಯ್ಯುವ ಪರವಾನಗಿ ಕೊಡುವ ಅಧಿಕಾರ ಶೆರಿಫ್ ಕಚೇರಿಯದು. 2020ರ ನವೆಂಬರಿನಲ್ಲಿ ಗ್ರ್ಯಾಂಡ್ ಜ್ಯೂರಿ ಒಂದು ದೋಷಾರೋಪ ಹೊರಿಸಿತು. ಆಪಲ್ ಕಂಪನಿಯ ಭದ್ರತಾ ಮುಖ್ಯಸ್ಥರು ತಮ್ಮ ಸಿಬ್ಬಂದಿಯ ನಾಲ್ಕು ಪರವಾನಗಿಗಾಗಿ ಶೆರಿಫ್ ಕಚೇರಿಗೆ 200 ಐಪ್ಯಾಡ್ ಕೊಡಲು ಒಪ್ಪಿದ್ದರು ಎಂಬುದು ಆರೋಪ. ಐಪ್ಯಾಡುಗಳ ಬೆಲೆ ಸುಮಾರು 70 ಸಾವಿರ ಡಾಲರ್. ಅವು ಕೈ ಬದಲಾಗಲಿಲ್ಲ. ಆರೋಪವನ್ನು ಅವರು ಅಲ್ಲಗಳೆದರು, ನ್ಯಾಯಾಧೀಶರೊಬ್ಬರು ಪ್ರಕರಣ ವಜಾ ಮಾಡಿದರು, 2023ರಲ್ಲಿ ಮೇಲಿನ ನ್ಯಾಯಾಲಯ ಅದಕ್ಕೆ ಮತ್ತೆ ಜೀವ ಕೊಟ್ಟಿತು. ಆರೋಪ ಹಾಗಿರಲಿ, ಭಾಗಾಕಾರ ಮಾಡಿ ನೋಡಿ. 70 ಸಾವಿರವನ್ನು ನಾಲ್ಕರಿಂದ ಭಾಗಿಸಿದರೆ 17,500 ಡಾಲರ್. ಅಟ್ಲಾಂಟಿಕ್ ತೀರದಲ್ಲಿ 18 ಸಾವಿರ, ಪೆಸಿಫಿಕ್ ತೀರದಲ್ಲಿ 17,500. ಪರಸ್ಪರ ಮುಖ ನೋಡದ ಎರಡು ಊರು, ದರ ಮಾತ್ರ ಹತ್ತಿರ ಹತ್ತಿರ ಒಂದೇ!

ಅಲ್ಲಿನ ಆಗಿನ ಶೆರಿಫ್ ಲಾರಿ ಸ್ಮಿತ್ 1998ರಲ್ಲಿ ಗೆದ್ದು, ಇಡೀ ಕ್ಯಾಲಿಫೋರ್ನಿಯಾದಲ್ಲಿ ಚುನಾಯಿತರಾದ ಮೊದಲ ಮಹಿಳಾ ಶೆರಿಫ್ ಎನಿಸಿಕೊಂಡವರು. ಪರವಾನಗಿ ಹಂಚಿಕೆಯಲ್ಲಿ ಬೇಕಾದವರಿಗೆ ಮಣೆ ಹಾಕಿದರು ಎಂಬುದೂ ಸೇರಿದಂತೆ ಅವರ ಮೇಲಿನ ಆರೋಪಗಳನ್ನು 2022ರ ನವೆಂಬರಿನಲ್ಲಿ ಸಿವಿಲ್ ಜ್ಯೂರಿಯೊಂದು ಎತ್ತಿಹಿಡಿಯಿತು. ತೀರ್ಪಿಗೆ ಕೆಲವೇ ದಿನ ಮೊದಲು ಅವರು ಹುದ್ದೆ ಬಿಟ್ಟಿದ್ದರು.

ಆ ಕಣಿವೆಯ ನಮ್ಮವರಿಗೆ ಒಂದು ಮಾತು. ಎಚ್-1ಬಿ ವೀಸಾದ ಮೇಲಿರುವವರಿಗೆ ಈ ಶುಲ್ಕದ ಗೊಡವೆಯೇ ಇಲ್ಲ. ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ವಲಸೆಯೇತರ ವೀಸಾದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. 2022ರ ತಿದ್ದುಪಡಿಯ ನಂತರ ಅದಕ್ಕೆ 15 ವರ್ಷದವರೆಗೆ ಜೈಲು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ.

2022ರ ಜೂನ್ 23ರಂದು ಅಮೆರಿಕದ ಸುಪ್ರೀಂ ಕೋರ್ಟ್ ನ್ಯೂಯಾರ್ಕಿನ ಮರ್ಜಿ ಪದ್ಧತಿಯನ್ನು ರದ್ದುಮಾಡಿತು. ಬ್ರೂಯೆನ್ ಪ್ರಕರಣ ಎಂದು ಹೆಸರಾದದ್ದು ಇದೇ. ಆರು ಜನ ಒಂದು ಕಡೆ, ಮೂವರು ಇನ್ನೊಂದು ಕಡೆ. ತೀರ್ಪು ಬರೆದವರು ಕ್ಲಾರೆನ್ಸ್ ಥಾಮಸ್. ವಿಚಿತ್ರವೆಂದರೆ, ಅರ್ಜಿದಾರರ ಬೆನ್ನಿಗೆ ನಿಂತವರಲ್ಲಿ ನ್ಯೂಯಾರ್ಕಿನ ಬಡವರ ಪರ ವಾದಿಸುವ ಕಪ್ಪು ವಕೀಲರ ಗುಂಪೂ ಇತ್ತು. ಲೈಸೆನ್ಸ್ ಸಿಗದೆ ಪಿಸ್ತೂಲು ಇಟ್ಟುಕೊಂಡು ಜೈಲಿಗೆ ಹೋಗುವವರು ತಮ್ಮ ಕಕ್ಷಿದಾರರೇ ಎಂಬುದು ಅವರ ಅಳಲು. ಶುಲ್ಕದ ಮಟ್ಟಿಗೆ ಆ ತೀರ್ಪಿನ ಜೀವ ಇರುವುದು ಒಂಬತ್ತನೆಯ ಅಡಿಟಿಪ್ಪಣಿಯಲ್ಲಿ. ಲೈಸೆನ್ಸ್ ಪದ್ಧತಿ ಇರಲಿ, ಆದರೆ ವಿಪರೀತ ಕಾಯಿಸಿ ಅಥವಾ ವಿಪರೀತ ಶುಲ್ಕ ವಿಧಿಸಿ ಸಾಮಾನ್ಯ ಜನರ ಹಕ್ಕನ್ನು ಕಸಿದರೆ ಅದನ್ನು ಪ್ರಶ್ನಿಸುವ ಬಾಗಿಲು ತೆರೆದೇ ಇದೆ ಎಂಬುದು ಅದರ ತಾತ್ಪರ್ಯ. ಎಷ್ಟಾದರೆ ವಿಪರೀತ? ಅಂಕಿ ಹೇಳಲಿಲ್ಲ.

ಬಂದೂಕಿನ ಪರದವರು ಇಲ್ಲಿ 1966ರ ಹಾರ್ಪರ್ ಪ್ರಕರಣವನ್ನು ಎತ್ತುತ್ತಾರೆ. ವರ್ಜೀನಿಯಾದಲ್ಲಿ ಮತ ಹಾಕಲು ಕೊಡಬೇಕಿದ್ದ ಒಂದೂವರೆ ಡಾಲರಿನ ತೆರಿಗೆಯನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿದ ಪ್ರಕರಣ ಅದು. ಒಂದೂವರೆ ಡಾಲರ್ ಹೆಚ್ಚಾದರೆ 340 ಹೇಗೆ ಸರಿ ಎಂಬುದು ಅವರ ಸವಾಲು. ಎದುರಿನವರು 1941ಕ್ಕೆ ಹೋಗುತ್ತಾರೆ. ನ್ಯೂಹ್ಯಾಂಪ್‌ಶೈರಿನಲ್ಲಿ ಮೆರವಣಿಗೆಗೆ 300 ಡಾಲರಿನವರೆಗೂ ಶುಲ್ಕ ಹಾಕಬಹುದಿತ್ತು. ಬಂದೋಬಸ್ತಿನ ಖರ್ಚಿಗೆ ತಕ್ಕಂತಿದ್ದರೆ ತಪ್ಪಿಲ್ಲ ಎಂದು ಅದೇ ಕೋರ್ಟ್ ಹೇಳಿತ್ತು. ನನಗೆ ಎರಡನೆಯ ವಾದವೇ ಗಟ್ಟಿ ಎನಿಸುತ್ತದೆ. ಮತ ಹಾಕುವವನ ಹಿನ್ನೆಲೆ ತಪಾಸಣೆ ಯಾರೂ ಮಾಡುವುದಿಲ್ಲ, ಪಿಸ್ತೂಲಿನವನದು ಮಾಡಲೇಬೇಕು, ಅದಕ್ಕೆ ಖರ್ಚಿದೆ. ಆದರೆ ಖರ್ಚೆಷ್ಟು ಎಂದು ಹೇಳುವವರೂ ಶುಲ್ಕ ವಸೂಲಿ ಮಾಡುವವರೂ ಒಬ್ಬರೇ ಆಗಿರುವುದರಿಂದ ಆ ಗಟ್ಟಿ ವಾದ ಕೊನೆಗೆ ಸಡಿಲವಾಗುತ್ತದೆ.

ದೇವರು ವರ ಕೊಟ್ಟರೂ ಪೂಜಾರಿ ಬಿಡ ಎನ್ನುವುದನ್ನು ಲಾಸ್ ಏಂಜಲೀಸ್ ಕೌಂಟಿ ತೋರಿಸಿಕೊಟ್ಟಿತು. ಆ ಕೌಂಟಿಯ ಲಾ ವರ್ನ್ ಎಂಬ ಪುಟ್ಟ ಊರಿನಲ್ಲಿ ಅರ್ಜಿ, ಬೆರಳಚ್ಚು, ತರಬೇತಿ, ಮನೋವೈಜ್ಞಾನಿಕ ಪರೀಕ್ಷೆ ಎಲ್ಲ ಸೇರಿ ವೆಚ್ಚ ಸಾವಿರ ಡಾಲರಿನ ಆಸುಪಾಸಿಗೆ ಹೋಗಿ, ವ್ಯಾಜ್ಯ ಫೆಡರಲ್ ನ್ಯಾಯಾಲಯ ಮುಟ್ಟಿತು. ಕೌಂಟಿಯ ಶೆರಿಫ್ ಇಲಾಖೆಯ ಮೇಲೆ 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಯೇ ದಾವೆ ಹೂಡಿತು. ದಾವೆಯಲ್ಲಿ ಕೊಟ್ಟ ಲೆಕ್ಕ ಹೀಗಿದೆ: 2024ರ ಜನವರಿಯಿಂದ 2025ರ ಮಾರ್ಚ್‌ವರೆಗೆ ಬಂದ ಹೊಸ ಅರ್ಜಿಗಳು 3,982. ಮಂಜೂರಾದದ್ದು ಎರಡು. ಇನ್ನೂರಲ್ಲ, ಎರಡು.

ಸರಿ, ದುಡ್ಡು ಕಟ್ಟಿದ್ದಾಯಿತು. ಅದು ಎಲ್ಲಿಗೆ ಹೋಗುತ್ತದೆ?

ಇಲಿನಾಯ್ಸಿನ 150 ಡಾಲರನ್ನು ಕಾನೂನು ಮೂರು ಪಾಲು ಮಾಡುತ್ತದೆ: 120 ರಾಜ್ಯ ಪೊಲೀಸರ ನಿಧಿಗೆ, 20 ಮಾನಸಿಕ ಆರೋಗ್ಯದ ವರದಿ ವ್ಯವಸ್ಥೆಗೆ, ಹತ್ತು ಅಪರಾಧ ಪ್ರಯೋಗಾಲಯಕ್ಕೆ. ಇದು ಒಪ್ಪುವಂಥ ಹಂಚಿಕೆ. ಮ್ಯಾಸಚೂಸೆಟ್ಸಿನ ಕಾನೂನು ನೂರು ಡಾಲರಿನ ಶುಲ್ಕದಲ್ಲಿ 25ನ್ನು ಸ್ಥಳೀಯ ಪೊಲೀಸರಿಗೆ ಬಿಟ್ಟು, 25ನ್ನು ಬೆರಳಚ್ಚು ನಿಧಿಗೆ ಕಳಿಸಿ, ಉಳಿದ 50ನ್ನು ರಾಜ್ಯದ ಸಾಮಾನ್ಯ ಖಜಾನೆಗೆ ಸುರಿಯಿತು. ಅರ್ಧ ದುಡ್ಡು ರಸ್ತೆಗೋ ಶಾಲೆಗೋ ಸಂಬಳಕ್ಕೋ ಹೋಗಬಹುದು, ಕೇಳುವವರಿಲ್ಲ. ನ್ಯೂಜೆರ್ಸಿಯ 2022ರ ಕಾನೂನು 200 ಡಾಲರಿನಲ್ಲಿ 50ನ್ನು ಅಪರಾಧಕ್ಕೆ ಬಲಿಯಾದವರ ಪರಿಹಾರ ನಿಧಿಗೆ ಮೀಸಲಿಟ್ಟಿತು. ಕೇಳಲು ಚೆನ್ನಾಗಿದೆ. ಆದರೆ ಅಪರಾಧ ಮಾಡದವನೆಂದು ತಪಾಸಣೆಯಲ್ಲಿ ತೇರ್ಗಡೆಯಾದವನೇ ಅಪರಾಧದ ಪರಿಹಾರ ಏಕೆ ಕೊಡಬೇಕು ಎಂಬ ಪ್ರಶ್ನೆ ಎದ್ದು, ಆ 50 ಡಾಲರ್ ನ್ಯಾಯಾಲಯದಲ್ಲಿ ಸಿಕ್ಕಿಕೊಂಡಿತು.

ಅಲಬಾಮದ ಕತೆ ಇನ್ನೂ ಸೊಗಸು. ಅಲ್ಲಿ ಪಿಸ್ತೂಲು ಪರ್ಮಿಟ್ಟಿನ ದುಡ್ಡು ಆಯಾ ಕೌಂಟಿಯ ಶೆರಿಫ್ ಕಚೇರಿಯ ಕೈಖರ್ಚಾಗಿತ್ತು. 2022ರಲ್ಲಿ ಪರ್ಮಿಟ್ಟೇ ಬೇಡವೆಂಬ ಮಸೂದೆ ಬಂದಾಗ ಶೆರಿಫರು ವಿರೋಧಿಸಿದರು. ಜನರ ಸುರಕ್ಷತೆಯ ಮಾತು ಮುಂದಿತ್ತು, ಕೈತಪ್ಪುವ ವರಮಾನದ ಮಾತು ಹಿಂದೆಯೇ ಬಂತು. ಮಸೂದೆ ಪಾಸಾಯಿತು, 2023ರ ಜನವರಿ 1ರಿಂದ ಜಾರಿಗೂ ಬಂತು. ಅದರ ಜೊತೆಗೆ ಪರ್ಮಿಟ್ ವರಮಾನ ಕಳೆದುಕೊಂಡವರಿಗೆ ನಷ್ಟ ತುಂಬಿಕೊಡುವ ಒಂದು ನಿಧಿಯನ್ನೂ ಸರ್ಕಾರ ಸ್ಥಾಪಿಸಿತು. ಪಿಸ್ತೂಲು ಇಟ್ಟುಕೊಂಡವರು ಕೊಡುತ್ತಿದ್ದ ದುಡ್ಡನ್ನು ಈಗ ಪಿಸ್ತೂಲು ಇಲ್ಲದವರೂ ಸೇರಿ ಕೊಡುತ್ತಾರೆ.

ಆದರೆ ಗಾತ್ರದಲ್ಲಿ ಫ್ಲಾರಿಡಾವನ್ನು ಮೀರಿಸುವವರಿಲ್ಲ. ಸುಮಾರು 25 ಲಕ್ಷ ಲೈಸೆನ್ಸುಗಳು. ಹೊಸದಕ್ಕೆ 55 ಡಾಲರ್, ಬೆರಳಚ್ಚಿಗೆ 42, ಅವಧಿ ಏಳು ವರ್ಷ. ನವೀಕರಣದ 45 ಡಾಲರನ್ನೇ ಎಲ್ಲರಿಗೂ ಹಿಡಿದರೂ ಏಳು ವರ್ಷದ ಒಂದು ಸುತ್ತಿಗೆ 11 ಕೋಟಿ 25 ಲಕ್ಷ ಡಾಲರ್, ಸಾವಿರ ಕೋಟಿ ರೂಪಾಯಿಗೆ ತುಸು ಕಡಿಮೆ. ಇದನ್ನು ವಸೂಲಿ ಮಾಡಿ ಲೈಸೆನ್ಸ್ ಕೊಡುವವರು ಪೊಲೀಸರಲ್ಲ, ನ್ಯಾಯಾಧೀಶರೂ ಅಲ್ಲ, ಕೃಷಿ ಇಲಾಖೆ. ಕಿತ್ತಳೆ ತೋಟ, ಪೆಟ್ರೋಲ್ ಬಂಕಿನ ಅಳತೆ, ಜಾತ್ರೆಯ ತೊಟ್ಟಿಲು, ಬಗಲಿನ ಪಿಸ್ತೂಲು, ನಾಲ್ಕೂ ಒಂದೇ ಇಲಾಖೆಯ ಉಸ್ತುವಾರಿ. ದುಡ್ಡು ಸೇರುವುದು ಲೈಸೆನ್ಸಿಂಗ್ ನಿಧಿಗೆ. ಅದು ಎಷ್ಟು ಉಬ್ಬಿತ್ತೆಂದರೆ, 2009ರ ಆರ್ಥಿಕ ಮುಗ್ಗಟ್ಟಿನಲ್ಲಿ ಶಾಸನಸಭೆ ಅದರಿಂದ 60 ಲಕ್ಷ ಡಾಲರ್ ಎತ್ತಿ ಬೇರೆಡೆ ಬಳಸಲು ಹೊರಟಿತು. ಬಂದೂಕು ಸಂಘಟನೆಗಳು ಹೌಹಾರಿದವು, ಗವರ್ನರ್ ಚಾರ್ಲಿ ಕ್ರಿಸ್ಟ್ ಅದಕ್ಕೆ ತಡೆ ಹಾಕಿದರು.

ಇಷ್ಟು ದುಡ್ಡು ತೆಗೆದುಕೊಂಡ ಇಲಾಖೆ ಏನು ಮಾಡಿತು? 2018ರ ಜೂನ್‌ನಲ್ಲಿ ಹೊರಬಿದ್ದ ಸಂಗತಿ: 2016ರ ಫೆಬ್ರವರಿಯಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಇಲಾಖೆ ಅರ್ಜಿದಾರರ ಒಂದು ಮುಖ್ಯ ತಪಾಸಣೆಯನ್ನೇ ಮಾಡಿರಲಿಲ್ಲ. ಆ ಕೆಲಸದ ಉದ್ಯೋಗಿಗೆ ರಾಷ್ಟ್ರೀಯ ದತ್ತಾಂಶ ವ್ಯವಸ್ಥೆಗೆ ಲಾಗಿನ್ ಆಗುತ್ತಿರಲಿಲ್ಲ, ಅಷ್ಟೇ. ಆಗ ವರ್ಷಕ್ಕೆ ಎರಡು ಲಕ್ಷಕ್ಕೂ ಮೀರಿ ಅರ್ಜಿ ಬರುತ್ತಿದ್ದ ಕಾಲ. ಆಮೇಲೆ ಹಿಂದಿರುಗಿ ನೋಡಿ 291 ಲೈಸೆನ್ಸುಗಳನ್ನು ವಾಪಸ್ ಪಡೆಯಬೇಕಾಯಿತು. ಶುಲ್ಕ ಮಾತ್ರ ಒಂದು ದಿನವೂ ನಿಂತಿರಲಿಲ್ಲ.

2024ರ ಜುಲೈನಲ್ಲಿ ಲೂಸಿಯಾನ ಸೇರಿಕೊಂಡ ಮೇಲೆ, ಪರ್ಮಿಟ್ ಇಲ್ಲದೆಯೇ ಪಿಸ್ತೂಲು ಬಚ್ಚಿಟ್ಟು ಒಯ್ಯಬಹುದಾದ ರಾಜ್ಯಗಳು 29. ವರ್ಮಾಂಟ್ ಎಂದೂ ಪರ್ಮಿಟ್ ಕೇಳಿದ್ದೇ ಇಲ್ಲ. ಟೆಕ್ಸಸ್, ಟೆನೆಸೀಗಳಲ್ಲಿ 2021ರಿಂದ, ಫ್ಲಾರಿಡಾದಲ್ಲಿ 2023ರ ಜುಲೈಯಿಂದ ಬೇಕಿಲ್ಲ. ಹಾಗಾದರೆ ಶುಲ್ಕ ಕಟ್ಟುವವರು ಕರಗಿಹೋಗಿರಬೇಕಲ್ಲ? ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2011ರ ಕೊನೆಗೆ ಕನಿಷ್ಠ 80 ಲಕ್ಷ ಪರ್ಮಿಟ್‌ಗಳಿವೆ ಎಂದಿತ್ತು. ಬಂದೂಕು ಹಕ್ಕಿನ ಕಡೆಗೆ ಒಲವಿರುವ ಜಾನ್ ಲಾಟ್ ಅವರ ಸಂಶೋಧನಾ ಕೇಂದ್ರ ವರ್ಷವರ್ಷವೂ ಎಣಿಸುತ್ತದೆ. ಅದರ ಪ್ರಕಾರ 2022ರಲ್ಲಿ 2 ಕೋಟಿ 20 ಲಕ್ಷ, 2024ರಲ್ಲಿ 2 ಕೋಟಿ 14 ಲಕ್ಷ. ಇಳಿದಿದೆ, ಆದರೆ ಕೂದಲೆಳೆಯಷ್ಟು. ತಲೆಗೆ ಐವತ್ತೇ ಡಾಲರ್ ಎಂದು ಒರಟಾಗಿ ಹಿಡಿದರೂ ಈ ಕಾರ್ಡುಗಳ ಮೇಲೆ ಕೂತಿರುವ ಶುಲ್ಕ 107 ಕೋಟಿ ಡಾಲರ್, ಒಂಬತ್ತು ಸಾವಿರ ಕೋಟಿ ರೂಪಾಯಿಗೂ ಮಿಕ್ಕು.

ಬೇಡದ ಪರ್ಮಿಟ್ಟಿಗೆ ದುಡ್ಡು ಕೊಡುವವರು ದಡ್ಡರಲ್ಲ. ತಮ್ಮ ರಾಜ್ಯದ ಗಡಿ ದಾಟಿದರೆ ಪಕ್ಕದ ರಾಜ್ಯ ಕೇಳುವುದು ಕಾರ್ಡನ್ನು. ಟೆಕ್ಸಸ್ಸಿನಂಥ ಕಡೆ ಕಾರ್ಡ್ ಇದ್ದರೆ ಅಂಗಡಿಯಲ್ಲಿ ಹೊಸ ಪಿಸ್ತೂಲು ಕೊಳ್ಳುವಾಗ ಪ್ರತಿ ಸಲದ ತಪಾಸಣೆ ತಪ್ಪುತ್ತದೆ. ಎಲ್ಲಕ್ಕಿಂತ ಸೂಕ್ಷ್ಮವಾದ ಕಾರಣ ಶಾಲೆ. ಶಾಲೆಯ ಸುತ್ತ ಸಾವಿರ ಅಡಿಯೊಳಗೆ ಬಂದೂಕು ಒಯ್ಯುವುದು ಫೆಡರಲ್ ಅಪರಾಧ, ಶಾಲೆಯಿರುವ ರಾಜ್ಯವೇ ಕೊಟ್ಟ ಲೈಸೆನ್ಸ್ ಇದ್ದರೆ ವಿನಾಯಿತಿ. ಊರೊಳಗೆ ಸಾವಿರ ಅಡಿಗೊಂದು ಶಾಲೆ ಸಿಗುವಲ್ಲಿ, ಪರ್ಮಿಟ್ ಬೇಡವೆಂದು ರಾಜ್ಯ ಹೇಳಿದ್ದನ್ನು ನಂಬಿ ಹೊರಟವನು ತರಕಾರಿ ತರುವಷ್ಟರಲ್ಲಿ ನಾಲ್ಕು ಸಲ ಕಾನೂನು ಮುರಿದಿರುತ್ತಾನೆ.

ಸೊನ್ನೆ ಶುಲ್ಕ ನಮಗೂ ಹೊಸದೇನಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಗೃಹ ಇಲಾಖೆ 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ, 2029ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿಗೆ ಕೈಲ್ ಪೊಳ್ದ್ ಹಬ್ಬದ ಪೂಜೆಯ ಹಿನ್ನೆಲೆ ಇದೆ, ಇಡೀ ಒಂದು ಜನಾಂಗದ ನಡವಳಿಕೆಯ ಜಾಮೀನು ಇದೆ. ಇಂಡಿಯಾನಾದ ಸೊನ್ನೆಯನ್ನೂ ಕೊಡಗಿನ ಸೊನ್ನೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ಅಮೆರಿಕದ ಅತಿ ಹಳೆಯ ಬಂದೂಕು ಶುಲ್ಕಗಳಲ್ಲೊಂದು ರಾಜ್ಯಗಳದ್ದಲ್ಲ, ಕೇಂದ್ರದ್ದು. 1934ರಲ್ಲಿ, ಗ್ಯಾಂಗುಗಳ ಕಾಳಗದ ಕಾಲದಲ್ಲಿ, ಮಶಿನ್ ಗನ್, ಸೈಲೆನ್ಸರ್, ಮೊಂಡು ನಳಿಗೆಯ ಬಂದೂಕುಗಳ ಮೇಲೆ 200 ಡಾಲರ್ ತೆರಿಗೆ ಹಾಕಿದರು. ಆಗ ಒಂದು ಟಾಮಿ ಗನ್ನಿನ ಬೆಲೆಯೇ ಸುಮಾರು ಅಷ್ಟು. ತೆರಿಗೆಯ ಉದ್ದೇಶ ವರಮಾನವಲ್ಲ, ಕೊಳ್ಳದಂತೆ ಮಾಡುವುದು. ಇಂದಿನ ಹಣದಲ್ಲಿ ಅದು ನಾಲ್ಕೂವರೆ ಸಾವಿರ ಡಾಲರಿಗೂ ಹೆಚ್ಚು. ಆದರೆ ಬೆಲೆಯೇರಿಕೆಗೆ ತಕ್ಕಂತೆ ಅದನ್ನು ಏರಿಸುವ ಕೆಲಸ ಯಾರೂ ಮಾಡಲಿಲ್ಲ. 91 ವರ್ಷ 200 ಡಾಲರ್ 200 ಡಾಲರಾಗಿಯೇ ಕೂತಿತ್ತು. 2025ರ ಜುಲೈನ ಕಾನೂನೊಂದು ಸೈಲೆನ್ಸರಿಗೂ ಮೊಂಡು ನಳಿಗೆಯ ಬಂದೂಕಿಗೂ ಅದನ್ನು 2026ರ ಜನವರಿ 1ರಿಂದ ಸೊನ್ನೆ ಮಾಡಿತು. ಮಶಿನ್ ಗನ್ನಿಗೆ, ಗ್ರೆನೇಡಿನಂಥ ಸ್ಫೋಟಕಗಳಿಗೆ ಹಳೆಯ ದರವೇ ಉಳಿದಿದೆ: ಒಂದೊಂದಕ್ಕೆ ಜೀವಮಾನಕ್ಕೆ ಒಂದೇ ಸಲ 200 ಡಾಲರ್. ನ್ಯೂಜೆರ್ಸಿಯಲ್ಲಿ ಒಂದು ಪಿಸ್ತೂಲು ಒಯ್ಯಲು ಎರಡೆರಡು ವರ್ಷಕ್ಕೊಮ್ಮೆ ಕೊಡಬೇಕಾದದ್ದೂ ಅಷ್ಟೇ.